ಕುಂಬಳಕಾಯಿ ಒಡೆಯುವ ಗಂಡಸು

ತರಕಾರಿ ಬೆಳೆಯುವುದರಲ್ಲಿ ನನಗಿದ್ದಷ್ಟು ಹೆಸರು ಮಲ್ಲಂದೂರಿನ ಸುತ್ತಮುತ್ತ ಯಾವ ರೈಟರಿಗೂ ಇರಲಿಲ್ಲ. ಆ ಹೆಸರನ್ನು ಹೇಗೆ ಸಂಪಾದಿಸಿದೆ ಎಂಬುದನ್ನು ಇವತ್ತು ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ. ನಾನು ಗುದ್ದಲಿ ಹಿಡಿದವನಲ್ಲ, ಬೀಜ ಊರಿದವನಲ್ಲ, ಒಂದು ಚೊಂಬು ನೀರನ್ನೂ ಗಿಡದ ಬುಡಕ್ಕೆ ಬೇಕೆಂದು ಹಾಕಿದವನಲ್ಲ. ಇದು ಯಾವ ಗಿಡ ಎಂದು ಯಾರಾದರೂ ಕೇಳಿದರೆ ಕಾಯಿ ಬಿಟ್ಟ ಮೇಲೆ ಹೇಳುತ್ತೇನೆ ಎನ್ನುವ ಪೈಕಿ. ಆದರೂ ನಾಲ್ಕು ಜನ ಸೇರಿದ ಕಡೆ ಹಿತ್ತಿಲ ಮಾತು ಬಂದರೆ ಮೊದಲು ಗಂಟಲು ಸರಿಮಾಡಿಕೊಳ್ಳುವವನು ನಾನೇ. ದೇವರು ಕೈಗುಣವನ್ನು ನನ್ನ ಹೆಂಡತಿ ನೀಲಮ್ಮನಿಗೆ ಕೊಟ್ಟ. ಮಿಕ್ಕಿದ್ದ ನಾಲಗೆಯನ್ನು ನನಗೆ ಕೊಟ್ಟ. ಒಂದು ಸಂಸಾರಕ್ಕೆ ಎರಡೂ ಬೇಕು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.

ಆಗ ನಾನು ಒಬ್ಬ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ಎರಡನೆಯ ರೈಟರಾಗಿದ್ದೆ. ರೈಟರು ಎಂದರೆ ಏನೋ ಗ್ರಂಥ ಬರೆಯುವ ಉದ್ಯೋಗ ಎಂದು ತರೀಕೆರೆಯಲ್ಲಿದ್ದ ನನ್ನ ಸೋದರಮಾವ ಬಹಳ ದಿನ ತಿಳಿದುಕೊಂಡಿದ್ದ. ನಿನ್ನದೊಂದು ಪುಸ್ತಕ ಕಳಿಸು, ಇಲ್ಲಿ ಎಲ್ಲರೂ ಕೇಳುತ್ತಾರೆ ಎಂದು ಕಾಗದವನ್ನೂ ಹಾಕಿದ್ದ. ನಿಜವಾಗಿ ನನ್ನ ಕೆಲಸ ಬೆಳಿಗ್ಗೆ ಮಸ್ಟರಿನಲ್ಲಿ ಆಳುಗಳ ಹೆಸರು ಕೂಗುವುದು, ದೊರೆ ಬೈದದ್ದನ್ನು ಮೇಸ್ತ್ರಿಗೆ ಮುಟ್ಟಿಸುವುದು, ಮೇಸ್ತ್ರಿ ಗೊಣಗಿದ್ದನ್ನು ದೊರೆಗೆ ಮುಟ್ಟಿಸದೇ ಇರುವುದು. ಇದರಲ್ಲಿ ಕೊನೆಯದೇ ಕಷ್ಟದ ಕೆಲಸ. ಇರಲಿಕ್ಕೆ ಎಸ್ಟೇಟಿನವರು ಎರಡು ಕೋಣೆಯ ಹೆಂಚಿನ ಮನೆ ಕೊಟ್ಟಿದ್ದರು. ಮನೆಯ ಹಿಂದೆ ಲಂಟಾನದ ಪೊದೆ, ಕಲ್ಲು, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರಿನ ತುಕ್ಕು ಹಿಡಿದ ಒಂದು ಚಕ್ರ, ಇಷ್ಟು ಇದ್ದವು. ನಾನು ಮೂರು ವರ್ಷ ಒಂಟಿಯಾಗಿದ್ದಾಗ ಅವುಗಳಿಗೆ ಒಂದಿಷ್ಟೂ ತೊಂದರೆ ಕೊಡದೆ ಇದ್ದೆ.

ನೀಲಮ್ಮ ಬಂದವಳು ಮೊದಲ ವಾರವೇ ಸೆರಗು ಸಿಕ್ಕಿಸಿ ಕತ್ತಿ ಹಿಡಿದಳು. ಲಂಟಾನ ಹೋಯಿತು. ಕಲ್ಲುಗಳು ಸಾಲಾಗಿ ನಿಂತು ಬೇಲಿಯ ಬುಡವಾದವು. ಪಲ್ಪರಿನ ಚಕ್ರಕ್ಕೆ ಹೀರೆಬಳ್ಳಿ ಹಬ್ಬಿತು. ಒಲೆಯ ಬೂದಿ, ಹಸುವಿನ ಸಗಣಿ, ಅಕ್ಕಿ ತೊಳೆದ ನೀರು, ಒಂದನ್ನೂ ಅವಳು ದಂಡ ಮಾಡುತ್ತಿರಲಿಲ್ಲ. ಅವಳ ಅಡಿಗೆಯ ಕ್ರಮವೇ ಬೇರೆ. ಎಲ್ಲರೂ ತರಕಾರಿ ತಂದು ಹೆಚ್ಚಿಟ್ಟುಕೊಂಡು ಒಲೆ ಹಚ್ಚಿದರೆ ಇವಳು ಒಲೆಯ ಮೇಲೆ ನೀರಿಟ್ಟು ಆಮೇಲೆ ಹಿತ್ತಿಲಿಗೆ ಹೋಗುವವಳು. ನೀರು ಮರಳುವ ಹೊತ್ತಿಗೆ ಮಡಿಲಲ್ಲಿ ಕಾಯಿ ಇರುತ್ತಿತ್ತು. ಎಳೆ ಹೀರೆಕಾಯಿ ಪಲ್ಯ, ಅದರ ಸಿಪ್ಪೆಯದೇ ಚಟ್ನಿ, ಹುಣಿಸೆಹಣ್ಣು ಬೆಲ್ಲ ಹಾಕಿ ಕಹಿಯನ್ನು ಅರ್ಧ ಮಾತ್ರ ಓಡಿಸಿದ ಹಾಗಲಕಾಯಿ ಗೊಜ್ಜು, ಬಲಿತ ಸೌತೆಕಾಯಿಯ ಹುಳಿ, ಕುಂಬಳದ ಕುಡಿಯನ್ನು ನಾರು ತೆಗೆದು ಬೇಯಿಸಿದ ಪಲ್ಯ, ಅಕ್ಕಿರೊಟ್ಟಿಯ ಪಕ್ಕಕ್ಕೆ ಗುಂಡು ಬದನೆಕಾಯಿಯ ಎಣ್ಣೆಗಾಯಿ. ಮದುವೆಯಾಗಿ ವರ್ಷವಾಗುವ ಹೊತ್ತಿಗೆ ನನ್ನ ಕೋಟಿನ ಗುಂಡಿಗಳು ಒಂದನ್ನೊಂದು ಮುಟ್ಟುವುದನ್ನು ಬಿಟ್ಟವು.

ಇಷ್ಟೆಲ್ಲದರಲ್ಲಿ ನನಗೂ ಒಂದು ಕೆಲಸವಿತ್ತು. ಇಡೀ ಕುಂಬಳಕಾಯಿಗೆ ನಮ್ಮಲ್ಲಿ ಹೆಂಗಸರು ಮೊದಲ ಏಟು ಹಾಕುವ ಹಾಗಿಲ್ಲ. ಮನೆಯ ಗಂಡಸು ಎರಡು ಹೋಳು ಮಾಡಿಕೊಡಬೇಕು. ಆಮೇಲೆ ಅವರು ಅದನ್ನು ಎಷ್ಟು ಚೂರಾದರೂ ಮಾಡಿಕೊಳ್ಳಲಿ, ದೋಷವಿಲ್ಲ. ಯಾಕೆ ಎಂದು ಚಿಕ್ಕಂದಿನಲ್ಲಿ ನಮ್ಮ ಅಜ್ಜಿಯನ್ನು ಕೇಳಿದ್ದೆ. "ಮನೆಗೆ ಒಳ್ಳೇದಲ್ಲ" ಎಂದಳು. ಒಡೆದರೆ ಏನಾಗುತ್ತದೆ ಎಂದೆ. "ಏನಾಗುತ್ತೆ ಅಂತ ನೋಡೋಕೆ ಇದುವರ್ಗೂ ಯಾರೂ ಒಡ್ದಿಲ್ಲ" ಎಂದಳು. ಇದಕ್ಕಿಂತ ಗಟ್ಟಿಯಾದ ಶಾಸ್ತ್ರ ಇನ್ನೊಂದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಕುಂಬಳಕಾಯಿ ಒಡೆಯುವುದೆಂದರೆ ನಾನೊಂದು ಉತ್ಸವ ಮಾಡುತ್ತಿದ್ದೆ. ಕೋಟು ಬಿಚ್ಚಿ, ತೋಳು ಮಡಿಸಿ, ಕತ್ತಿಯ ಅಲಗನ್ನು ಹೆಬ್ಬೆರಳಿನಿಂದ ನೋಡಿ, ಎಲ್ಲರೂ ದೂರ ಸರಿಯಿರಿ ಎನ್ನುತ್ತಿದ್ದೆ. ಎಲ್ಲರೂ ಎಂದರೆ ನೀಲಮ್ಮ. ಮೊದಲ ಏಟಿಗೆ ಕತ್ತಿ ಕಾಯಿಯೊಳಗೆ ಸಿಕ್ಕಿಕೊಳ್ಳುತ್ತಿತ್ತು. ಎರಡನೆಯ ಏಟಿಗೆ ಕತ್ತಿಯ ಜೊತೆ ಕಾಯಿಯೂ ಮೇಲೇಳುತ್ತಿತ್ತು. ಒಂದು ಸಲವಂತೂ ಕಾಯಿ ಕೈತಪ್ಪಿ ಹಿತ್ತಿಲ ಇಳಿಜಾರಿನಲ್ಲಿ ಉರುಳಿ ಆಳುಗಳಿದ್ದ ಕೂಲಿ ಲೈನಿನ ಬಾಗಿಲಿಗೆ ಹೋಗಿ ನಿಂತಿತು. ಅಲ್ಲಿಯವರು ಅದನ್ನು ಭಕ್ತಿಯಿಂದ ಹಿಂದಕ್ಕೆ ತಂದುಕೊಟ್ಟರು. ಕೊನೆಗೆ ಏಳನೆಯ ಏಟಿಗೋ ಎಂಟನೆಯದಕ್ಕೋ ಅದು ತಾನಾಗಿ ಬೇಸತ್ತು ಬಾಯಿಬಿಡುತ್ತಿತ್ತು. ನಾನು ಬೆವರು ಒರೆಸಿಕೊಂಡು, ಗಂಡಸಿಲ್ಲದ ಮನೆಯವರು ಏನು ಮಾಡುತ್ತಾರೋ ಪಾಪ, ಎಂದು ಮರುಗುತ್ತ ಜಗುಲಿಗೆ ಹೋಗಿ ಕೂರುತ್ತಿದ್ದೆ.

ನೀಲಮ್ಮ ಬೆಳೆಯುತ್ತಿದ್ದಳು, ನಾನು ಹಂಚುತ್ತಿದ್ದೆ. ಹೀಗೆ ಹೇಳಿದರೆ ಗಂಡ ಹೆಂಡತಿ ಸಮನಾಗಿ ನೊಗ ಹೊತ್ತಂತೆ ಕೇಳಿಸುತ್ತದೆ, ಅದಕ್ಕೇ ಹೀಗೆ ಹೇಳುತ್ತಿದ್ದೆ. ಬೆಳಿಗ್ಗೆ ಮಸ್ಟರಿಗೆ ಹೊರಡುವ ಮೊದಲು ಹಿತ್ತಿಲಲ್ಲಿ ಒಂದು ಸುತ್ತು ಹಾಕಿ, ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೋಗುವುದು ನನ್ನ ಪದ್ಧತಿ. ಹೆಡ್ ರೈಟರ್ ಶಿವಣ್ಣನವರಿಗೆ ಬದನೆಕಾಯಿ. ಎಸ್ಟೇಟಿನ ಕಂಪೌಂಡರಿಗೆ ಹಾಗಲಕಾಯಿ. ವರ್ಷವಿಡೀ ನಮಗೆ ಕಹಿ ಕುಡಿಸುವವನಿಗೆ ಅದನ್ನು ಕೊಡುವುದರಲ್ಲಿ ಬೇರೆಯೇ ಒಂದು ಸಮಾಧಾನವಿತ್ತು. "ನಿಮ್ಮ ಕೈಗುಣ ಅಂದ್ರೆ ಕೈಗುಣ ರೈಟರ್ರೇ" ಎಂದು ಅವರು ಹೊಗಳಿದರೆ ನಾನು ಕಣ್ಣು ಅರ್ಧ ಮುಚ್ಚಿ, "ಏನಿದ್ರೂ ಶಿವನಿಚ್ಛೆ" ಎನ್ನುತ್ತಿದ್ದೆ. ಕೀರ್ತಿಯಲ್ಲಿ ಶಿವನಿಗೆ ಪಾಲು ಕೊಟ್ಟೆ, ನೀಲಮ್ಮನಿಗೆ ಕೊಡಲಿಲ್ಲ. ಅವಳು ಬರಿದಾದ ಗಿಡದ ಮುಂದೆ ನಿಂತು, "ಊರಿಗುಪಕಾರಿ, ಮನೆಗೆ ಮಾರಿ" ಎಂದು ಗಿಡಕ್ಕೇ ಹೇಳುವಂತೆ ಹೇಳಿ ಒಳಗೆ ಹೋಗುತ್ತಿದ್ದಳು.

ಹಂಚಿ ಉಳಿದದ್ದು ಅಡಿಗೆಯಾಗುತ್ತಿತ್ತು. ಎಲ್ಲ ಮನೆಗಳಂತೆ ನಮ್ಮಲ್ಲೂ ಗಂಡಸರ ಊಟ ಮೊದಲು. ಗಂಡಸರು ಎಂದರೆ ನಾನು, ಮತ್ತು ನಾನು ದಾರಿಯಲ್ಲಿ ಹಿಡಿದು ತಂದ ಒಬ್ಬಿಬ್ಬರು. "ಸಂಕೋಚ ಮಾಡ್ಕೋಬೇಡಿ, ಎಲ್ಲ ನಮ್ಮ ಹಿತ್ತಿಲದ್ದೇ. ಏ, ಇವ್ರಿಗೆ ಇನ್ನೊಂದು ಸೌಟು ಹಾಕೇ" ಎಂದು ನಾನು ಕೂತಲ್ಲಿಂದಲೇ ಉಪಚಾರ ಮಾಡುವುದನ್ನು ನೀವು ನೋಡಬೇಕಿತ್ತು. ಕರ್ಣನೂ ಊಟದ ಎಲೆಯ ಮುಂದೆ ಕೂತು ಅಷ್ಟು ಧಾರಾಳವಾಗಿರಲಾರ. ನೀಲಮ್ಮ ಊಟಕ್ಕೆ ಕೂರುವಾಗ ನಾವು ಎಲೆಯಡಿಕೆ ಹಾಕಿಕೊಂಡು ಜಗುಲಿಯಲ್ಲಿರುತ್ತಿದ್ದೆವು. ಅವಳ ತಟ್ಟೆಯಲ್ಲಿ ಏನಿರುತ್ತಿತ್ತು ಎಂದು ನಾನು ಎದ್ದು ಹೋಗಿ ನೋಡಿದವನಲ್ಲ. ಒಳಗಿನಿಂದ ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸುತ್ತಿತ್ತು. ಪಾತ್ರೆ ತೊಳೆಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ.

ನಾನು ಹೇಳಹೊರಟ ವರ್ಷ ನೀಲಮ್ಮ ಬೇಸಗೆಯಲ್ಲಿ ತವರಿಗೆ ಹೋಗಿದ್ದಳು. ತವರು ಮೂಡಿಗೆರೆಯ ಕಡೆ ಒಂದು ಹಳ್ಳಿ. ಬರುವಾಗ ಅವಳ ತಾಯಿ ಸೆರಗಿನ ತುದಿಗೆ ಹತ್ತು ಸಿಹಿಗುಂಬಳದ ಬೀಜ ಗಂಟು ಹಾಕಿ ಕಳಿಸಿದರು. ಅವರ ಮನೆಯ ಕುಂಬಳವೆಂದರೆ ಹೆಸರುವಾಸಿ; ಒಳಗೆ ಅರಿಸಿನದಷ್ಟು ಹಳದಿ, ಬೆಲ್ಲ ಮರೆತರೂ ಕಡುಬು ಸಿಹಿ. ಹತ್ತು ಬೀಜವನ್ನೂ ಹಾಕಿ, ಬದುಕಿದ ಎರಡು ಬಳ್ಳಿಯನ್ನು ಇವಳು ಸಾಕಿದ್ದು ನೋಡಿದರೆ ಬಾಣಂತಿಗೂ ಅಷ್ಟು ಆರೈಕೆ ನಡೆಯುವುದಿಲ್ಲ. ಅದೇ ಮಳೆಗಾಲದಲ್ಲಿ ತವರಿನ ಹಿತ್ತಿಲಿಗೆ ಕಾಡುಹಂದಿ ನುಗ್ಗಿ ಒಂದು ಬಳ್ಳಿಯನ್ನೂ ಉಳಿಸಲಿಲ್ಲವಂತೆ. ನಿನ್ನ ಹತ್ತಿರ ಇರೋದನ್ನ ಜೋಪಾನ ಮಾಡು, ಬೀಜ ಇನ್ನು ಅಲ್ಲೇ ಇರೋದು, ಎಂದು ಅವಳ ತಾಯಿ ಹೇಳಿಕಳಿಸಿದ್ದರು.

ಬಳ್ಳಿಗಳು ಆರು ಕಾಯಿ ಬಿಟ್ಟವು. ಮೊದಲನೆಯ ಎಳೆಗಾಯಿಯನ್ನು ನಾನು ಕಂಪೌಂಡರಿಗೆ ಬೆರಳು ಮಾಡಿ ತೋರಿಸಿದೆ. ಎಳೆಗಾಯಿಗೆ ಬೆರಳು ನೀಡಬಾರದು, ಮಡಿಸಿ ಗೆಣ್ಣಿನಿಂದ ತೋರಿಸಬೇಕು ಎಂಬುದು ಮಕ್ಕಳಿಗೂ ಗೊತ್ತು. ನಾಲ್ಕನೆಯ ದಿನ ಅದು ಕೊಳೆತು ಬಿತ್ತು. ಕೊಳೆತದ್ದು ತೇವಕ್ಕೆ ಎಂದು ನಾನು ವಾದಿಸಿದೆ. ಕಂಪೌಂಡರಿಗೆ ಅಷ್ಟು ಹೊತ್ತು ತೋಟದ ಮೇಲೆ ಉಪನ್ಯಾಸ ಮಾಡಿದ್ದು ಬಳ್ಳಿಗೂ ತಡೆಯಲಾಗಲಿಲ್ಲ ಎಂದು ನೀಲಮ್ಮ ತೀರ್ಪು ಕೊಟ್ಟಳು. ಇನ್ನೊಂದು ಬಲಿತ ಮೇಲೆ ಶಿವಣ್ಣನವರ ಮನೆಗೆ ಹೋಯಿತು. ನಿಮ್ಮ ಕಣ್ಣಿಗೆ ಬಿದ್ದ ಕಾಯಿ ನಿಮಗೆ ದಕ್ಕದೆ ಹೋಯಿತು ಎಂದು ಮತ್ತೊಂದನ್ನು ಕಂಪೌಂಡರಿಗೆ ಕೊಟ್ಟು ಸಮಾಧಾನ ಮಾಡಿದೆ. ಒಂದನ್ನು ಮುಳ್ಳುಹಂದಿ ತಿಂದಿತು. ನನ್ನ ದೆಸೆಯಿಂದಲ್ಲದೆ ಹೋದದ್ದು ಅದೊಂದೇ. ಐದನೆಯದನ್ನು ಮನೆಯಲ್ಲೇ ಒಡೆದೆ, ಆದರೆ ಆ ದಿನ ತರೀಕೆರೆಯಿಂದ ಸೋದರಮಾವ ಮೂವರು ನೆಂಟರನ್ನು ಕಟ್ಟಿಕೊಂಡು ನನ್ನ ಪುಸ್ತಕ ನೋಡಲು ಬಂದಿದ್ದ. ಪುಸ್ತಕ ಸಿಗದ ಬೇಜಾರಿಗೆ ಕಡುಬನ್ನಾದರೂ ಹೊಟ್ಟೆ ತುಂಬ ತಿನ್ನಲಿ ಎಂದು ನಾನು ಬಡಿಸಲು ಹೇಳಿದೆ. ಬೀಜವನ್ನು ಉಪ್ಪು ಹಚ್ಚಿ ಹುರಿಸಿ, ದಾರಿಗೆ ಇರಲಿ ಎಂದು ಅವನ ಜೇಬಿಗೆ ಹಾಕಿದ್ದೂ ನಾನೇ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎನ್ನುತ್ತಾರಲ್ಲ, ಅದನ್ನು ಬೇರೆಯವರು ಬರೀ ಮಾತಿಗೆ ಹೇಳುತ್ತಾರೆ. ನಾನು ಮಾಡಿ ತೋರಿಸಿದೆ.

ಉಳಿದದ್ದು ಆರನೆಯದು. ಎರಡು ಕೈಯಲ್ಲಿ ತಬ್ಬಿ ಎತ್ತಬೇಕಾದಷ್ಟು ದೊಡ್ಡದು. ನೀಲಮ್ಮ ಅದನ್ನು ತೊಟ್ಟು ಸಮೇತ ಕೊಯ್ದು ಅಟ್ಟದ ಮೇಲೆ ಹುಲ್ಲು ಹಾಸಿ ಇಟ್ಟಳು. ಕೆಳಗಿಳಿದು ಬಂದು, ನನ್ನ ಮುಂದೆ ನಿಂತು, "ಇದೊಂದನ್ನ ಯಾರಿಗೂ ಕೊಡ್ಬೇಡಿ ಕಣ್ರೀ" ಎಂದಳು. "ಬೀಜಕ್ಕೆ ಇನ್ನು ಇದೇ ಗತಿ. ಒಡೆದ ದಿನ ಕಡುಬು ಮಾಡ್ತೀನಿ. ನಾನೂ ಒಂದು ಬಿಸೀದು ತಿನ್ಬೇಕು. ಇಲ್ಲಿ ಬೆಳೆದಾಗಿಂದ ಅದರ ರುಚಿ ಏನು ಅಂತ ನಂಗೆ ಗೊತ್ತಾಗ್ಲಿಲ್ಲ."

"ಅದಕ್ಕೇನಂತೆ, ನಿಂದೇ ಅಲ್ವಾ" ಎಂದೆ. ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದನ್ನು ನೋಡಿಯೇ ಅವಳಿಗೆ ಅನುಮಾನ ಬರಬೇಕಾಗಿತ್ತು.

ಅಷ್ಟರಲ್ಲಿ ಎಸ್ಟೇಟಿನಲ್ಲಿ ಒಂದು ದೊಡ್ಡ ವಿಷಯ ಎದ್ದಿತು. ಶಿವಣ್ಣನವರು ವಯಸ್ಸಾಯಿತೆಂದು ಕೆಲಸ ಬಿಡುವವರಿದ್ದರು. ಅವರ ಕುರ್ಚಿ ನನಗೋ ಸ್ಟೋರ್ ರೈಟರ್ ನಂಜಪ್ಪನಿಗೋ ಎಂಬುದನ್ನು ದೊರೆ ಹೊಸ ವರ್ಷದ ಹೊತ್ತಿಗೆ ಹೇಳಬೇಕಿತ್ತು. ಕ್ರಿಸ್‌ಮಸ್ ದಿನ ಎಸ್ಟೇಟಿನವರೆಲ್ಲ ಬಂಗಲೆಗೆ ಹೋಗಿ ದೊರೆಗೆ ಹಾರ ಹಾಕಿ, ಹಣ್ಣಿನ ತಟ್ಟೆ ಒಪ್ಪಿಸಿ, ಅವರು ತಲೆಯಾಡಿಸಿದರೆ ಧನ್ಯರಾಗಿ ಹಿಂದಕ್ಕೆ ಬರುವುದು ವಾಡಿಕೆ. "ನಂಜಪ್ಪ ಬೆಂಗಳೂರಿಂದ ಸೇಬಿನ ಹಣ್ಣು ತರಿಸ್ತಿದ್ದಾನಂತೆ ಮಾರಾಯ" ಎಂದರು ಶಿವಣ್ಣನವರು. "ನೀನೇನು, ಹೋದ್ವರ್ಷದ ಹಾಗೆ ಎರಡು ನಿಂಬೆಹಣ್ಣು ಹಿಡ್ಕೊಂಡು ಹೋಗ್ತೀಯ?"

ನಮ್ಮ ದೊರೆಗೆ ತರಕಾರಿಯ ಹುಚ್ಚು. ಬಂಗಲೆಯ ಹಿಂದೆ ಸೀಮೆಯಿಂದ ತರಿಸಿದ ಬೀಜ ಹಾಕಿಸಿ ವರ್ಷಾ ವರ್ಷಾ ಬರೀ ಎಲೆ ಬೆಳೆಯುತ್ತಿದ್ದರು. ಒಂದು ದಿನ ಮಸ್ಟರು ಮುಗಿದ ಮೇಲೆ ನನ್ನನ್ನು ಕರೆದರು. ದೊರೆಯ ಕನ್ನಡದಲ್ಲಿ ಕುದುರೆ, ಬಟ್ಲರು, ನಾನು, ಮೂವರಿಗೂ 'ನೀನು' ಎಂಬ ಒಂದೇ ಮರ್ಯಾದೆ.

"ರೈಟರ್, ನೀನು ದೊಡ್ಡ ತೋಟ ಮಾಡಿದೆ ಅಂತ ಎಲ್ಲ ಜನ ಹೇಳ್ತದೆ. ನೀನ್ ಮಾಡಿದ್ದಾ?"

"ಹೌದು ಸಾರ್. ದಿನಾ ನಾಲ್ಕು ಕೊಡ ನೀರು ಹೊತ್ತು ಹಾಕಿಯೇ ಮಸ್ಟರಿಗೆ ಬರೋದು" ಎಂದೆ. ಇದರಲ್ಲಿ ನಾನು ಬಡಾಯಿ ಕೊಚ್ಚಲಿಲ್ಲ, ಕಡಿಮೆಯೇ ಹೇಳಿದೆ. ನೀಲಮ್ಮ ಹದಿನಾರು ಹೊರುತ್ತಿದ್ದಳು.

ದೊರೆಯ ಮುಖದಲ್ಲಿ ನನ್ನ ಬಗ್ಗೆ ಅದುವರೆಗೆ ಇಲ್ಲದ ಒಂದು ಕಳೆ ಬಂತು. ಆ ಕಳೆ ಆರಿಹೋಗುವ ಮೊದಲೇ ನನ್ನ ನಾಲಗೆ, ಅಟ್ಟದ ಮೇಲೆ ಹೀಗೊಂದು ಕುಂಬಳಕಾಯಿ ಇದೆ, ಕ್ರಿಸ್‌ಮಸ್ಸಿಗೆ ತಮಗೇ ಎಂದು ಮೀಸಲಿಟ್ಟಿದ್ದೇನೆ, ಎಂದು ಹೇಳಿಬಿಟ್ಟಿತ್ತು. "ವೆರಿ ಗುಡ್" ಎಂದರು ದೊರೆ. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಹೆಡ್ ರೈಟರಂತೆಯೇ ನಡೆದೆ. ಮನೆ ಕಂಡ ಮೇಲೆ ಮಾತ್ರ ಮಾಮೂಲಿನಂತೆ ನಡೆದೆ.

ಅಲ್ಲಿಂದ ಶುರುವಾಯಿತು ನನ್ನ ಪಾಡು. ನೀಲಮ್ಮ ದಿನಾ ಬೆಳಿಗ್ಗೆ, "ಇವತ್ತು ಒಡೆದುಕೊಡ್ತೀರಾ?" ಎಂದು ಕೇಳುವಳು. ಕ್ರಿಸ್‌ಮಸ್ ಬರುವವರೆಗೆ ಹೇಗಾದರೂ ಮುಂದೂಡಿ, ಆ ದಿನ ದೊರೆಯೇ ಕೇಳಿಬಿಟ್ಟರು, ಏನು ಮಾಡಲಿ, ಎಂದು ಕೈಚೆಲ್ಲುವುದು ನನ್ನ ಯೋಜನೆ. ಸೋಮವಾರ ಶಿವನ ವಾರ, ಕತ್ತಿ ಎತ್ತಬಾರದು ಎಂದೆ. ಮಂಗಳವಾರ ಯಾರೂ ಒಳ್ಳೆಯ ಕೆಲಸಕ್ಕೆ ಕೈಹಾಕುವುದಿಲ್ಲ ಎಂದೆ. ಬುಧವಾರಕ್ಕೆ ಏನೂ ಸಿಗದೆ ಸೊಂಟ ಹಿಡಿದುಕೊಂಡೆ. ಕತ್ತಿ ಮೊಂಡಾಗಿದೆ ಎಂದರೆ, ಅವಳು ಕಲ್ಲಿಗೆ ನೀರು ಹಾಕಿ ಮಸೆದು ತಂದು ನನ್ನ ಮುಂದೆ ಇಟ್ಟಳು. ಆಮೇಲೆ ಅಮಾವಾಸ್ಯೆ ಬಂತು. ಅಷ್ಟು ಭಕ್ತಿಯಿಂದ ಅಮಾವಾಸ್ಯೆಯನ್ನು ನಾನು ಯಾವತ್ತೂ ಸ್ವಾಗತಿಸಿರಲಿಲ್ಲ. ಶಾಸ್ತ್ರವನ್ನು ಇಷ್ಟು ತಿಳಿದವರು ಮಠದಲ್ಲಿರಬೇಕಿತ್ತು, ಎಸ್ಟೇಟಿಗೆ ಯಾಕೆ ಬಂದಿರಿ ಎಂದಳು.

ಒಂದು ಮಧ್ಯಾಹ್ನ ಅವಳು ನೀರಿಗೆ ಹೋಗಿದ್ದಾಗ, ಕಾಯಿ ದೊರೆಗೆ ಒಪ್ಪಿಸುವ ತಟ್ಟೆಯಲ್ಲಿ ಹಿಡಿಸುತ್ತದೆಯೋ ಇಲ್ಲವೋ ನೋಡೋಣ ಎಂದು ತಟ್ಟೆ ಸಮೇತ ಅಟ್ಟ ಹತ್ತಿದೆ. ಹಿಡಿಸಲಿಲ್ಲ. ಸಂಜೆ ನೀಲಮ್ಮ, "ಅಟ್ಟದಲ್ಲಿ ಹುಲ್ಲು ಕೆದರಿದೆ, ಇಲಿ ಸೇರ್ಕೊಂಡಿರ್ಬೇಕು" ಎಂದು ತನ್ನ ಪಾಡಿಗೆ ಹೇಳಿಕೊಂಡಳು.

"ನಾನಂತೂ ಹತ್ತಿಲ್ಲಪ್ಪ" ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನಿನ್ನೂ ಕಳ್ಳ ಅಂತಲೂ ಅಂದಿರ್ಲಿಲ್ಲ" ಎಂದಳು. ನನಗೆ ತಕ್ಷಣ ಮಸ್ಟರ್ ಪುಸ್ತಕದ ನೆನಪಾಗಿ ಆಫೀಸಿನ ಕಡೆ ಹೊರಟೆ.

ಕ್ರಿಸ್‌ಮಸ್ಸಿಗೆ ಇನ್ನು ಮೂರು ದಿನವಿತ್ತು. ಕಾಫಿಹಣ್ಣು ಕೊಯ್ಯುವ ಕಾಲ. ನಾನು ಬೆಳಿಗ್ಗೆಯಿಂದ ಪಲ್ಪರ್ ಮನೆಯಲ್ಲಿದ್ದೆ. ಮಧ್ಯಾಹ್ನ ಊಟಕ್ಕೆಂದು ಮನೆಯ ತಿರುವಿಗೆ ಬಂದಾಗ ಬೆಂದ ಬಾಳೆಎಲೆಯ ವಾಸನೆ, ಅದರ ಹಿಂದೆಯೇ ಬೆಲ್ಲ ಏಲಕ್ಕಿ ಕುಂಬಳದ ವಾಸನೆ ಬಂತು. ಮೂಗಿಗೆ ಸಂತೋಷವಾಯಿತು, ಎದೆ ಧಸಕ್ಕೆಂದಿತು. ಒಳಗೆ ಹೋದೆ. ನೀಲಮ್ಮ ಅಡಿಗೆಮನೆಯ ಹೊಸ್ತಿಲಿಗೆ ಒರಗಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಮೊರದ ತುಂಬ ಬೂದಿ ಸವರಿದ ಬೀಜಗಳು.

"ಕುಂಬಳಕಾಯಿ ಒಡೆದ್ಯಾ?" ಎಂದೆ.

"ನಾನ್ಯಾಕೆ ಒಡೀಲಿ? ಗಂಡಸ್ರು ಒಡೆದ್ರು."

"ಯಾವ ಗಂಡಸ್ರು?"

"ನಿಮ್ಮ ದೊರೆ."

ಅವಳು ಅವಸರವಿಲ್ಲದೆ, ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಹೇಳಿದಳು. "ಕುದುರೆ ಮೇಲೆ ಬಂದ್ರು. ರೈಟರ್ ತೋಟ ನೋಡ್ಬೇಕು ಅಂದ್ರು. ಬನ್ನಿ ಅಂತ ಎಲ್ಲ ತೋರಿಸ್ದೆ. ಹೀರೆಗೆ ಏನು ಗೊಬ್ಬರ ಹಾಕ್ತಾನೆ ಅಂದ್ರು. ಅವ್ರು ಹಾಕಲ್ಲ, ನಾನು ಹಾಕೋದು ಅಂದೆ. ನೀರು? ಅಂದ್ರು. ಅದೂ ನಾನೇ ಅಂದೆ. ಹಾಗಾದ್ರೆ ರೈಟರ್ ಏನು ಮಾಡ್ತಾನೆ ಅಂದ್ರು."

"ನೀನೇನಂದೆ?"

"ಸುಳ್ಳು ಹೇಳೋಕಾಗುತ್ತಾ? ತಿಂತಾರೆ ಅಂದೆ. ಅವ್ರಿಗೆ ನಗು ಬಂದು ಕುದುರೆ ಹಿಡ್ಕೊಂಡು ನಿಂತ್ಬಿಟ್ರು. ಆಮೇಲೆ, ಕ್ರಿಸ್‌ಮಸ್ಸಿಗೆ ನಂಗೆ ಕೊಡ್ತೀನಿ ಅಂದಿದ್ದಾನಲ್ಲ, ಆ ಕುಂಬಳಕಾಯಿ ಎಲ್ಲಿ ಅಂದ್ರು." ಇಲ್ಲಿ ಅವಳು ಹಿತ್ತಿಲಿಗೆ ಹೋಗಿ ಎಲೆಯಡಿಕೆ ಉಗುಳಿ ಬಂದು ಕೂತಳು. "ಆಗ ಗೊತ್ತಾಯ್ತು, ನಿಮ್ಮ ಸೋಮವಾರ, ಮಂಗಳವಾರ, ಸೊಂಟನೋವು ಎಲ್ಲ ಏನು ಅಂತ. ನಾನೇ ಅಟ್ಟದಿಂದ ಇಳಿಸ್ದೆ. ಇವತ್ತೇ ತಗೊಂಡ್ಹೋಗಿ, ಆದ್ರೆ ಒಡೆದು ಅರ್ಧ ತಗೊಂಡ್ಹೋಗಿ ಅಂದೆ. ಬೀಜ ಅಷ್ಟೂ ನಂಗೆ ಬೇಕು, ಅದು ನನ್ನ ತವರಿಂದು ಅಂದೆ. ನಮ್ಮಲ್ಲಿ ಹೆಂಗಸ್ರು ಒಡೆಯೋ ಹಾಗಿಲ್ಲ, ಮನೇಲಿ ಗಂಡಸ್ರಿಲ್ಲ, ನೀವೇ ಒಡೀಬೇಕು ಅಂದೆ."

"ದೊರೆಗೆ ಕತ್ತಿ ಕೊಟ್ಯಾ!"

"ಕೊಟ್ಟೆ. ಟೋಪಿ ತೆಗ್ದಿಟ್ಟು, ಕುಕ್ಕರಗಾಲಲ್ಲಿ ಕೂತು, ಎಲ್ಲಿಗೆ ಹಾಕ್ಲಿ ಅಮ್ಮ ಅಂದ್ರು. ತೊಟ್ಟಿನ ಪಕ್ಕ ಅಂದೆ. ಒಂದೇ ಏಟು ಕಣ್ರೀ. ಎರಡನೇದು ಬೇಕಾಗ್ಲಿಲ್ಲ." ಅವಳ ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು. "ಹೋಗುವಾಗ ನೀವು ಚೆನ್ನಾಗಿ ತೋಟ ಮಾಡ್ತೀರಿ ಅಂದ್ರು. ನಂಗೆ ನೀವು ಅಂದ್ರು."

ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತೆ. ನೀಲಮ್ಮ ಬಡಿಸಿದಳು: ಕಡುಬಿನ ಒಂದು ಮೂಲೆ, ಪಲ್ಯದ ಎರಡು ಹೋಳು, ಅದೂ ಸೌಟಿನಿಂದ ತಳ ಕೆರೆದು. ಮಿಕ್ಕದ್ದು ಎಲ್ಲಿ ಎಂದು ಕೇಳಿದೆ. "ಮೇಸ್ತ್ರಿ ಹೆಂಡ್ತಿ, ಕಂಪೌಂಡರ್ ಹೆಂಡ್ತಿ ಬಂದಿದ್ರು. ಮೂವರೂ ಕೂತು ಬಿಸಿಬಿಸೀದು ತಿಂದ್ವಿ. ನಮ್ಮ ಹಿತ್ತಿಲದ್ದೇ, ಸಂಕೋಚ ಮಾಡ್ಕೋಬೇಡಿ ಅಂದೆ. ನಂದು ಊಟ ಆಯ್ತು" ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನಗಿಂತ ಮೊದಲು ಉಂಡದ್ದು ಅವತ್ತೇ. ಕಡುಬಿನ ಮೂಲೆ ನಾಲ್ಕು ತುತ್ತಿನಲ್ಲಿ ಮುಗಿಯಿತು. ಸಿಹಿ ಎಂದರೆ ಅಂಥ ಸಿಹಿ. ಪಲ್ಯಕ್ಕೆ ತಳ ಹಿಡಿದಿತ್ತು. ಸೀದ ವಾಸನೆ, ಎಲ್ಲ ಉಪ್ಪೂ ಖಾರವೂ ಅಲ್ಲೇ ಇಳಿದು ನಿಂತಿತ್ತು. ಇಷ್ಟು ದಿನ ಅವಳ ತಟ್ಟೆಯಲ್ಲಿ ಇರುತ್ತಿದ್ದದ್ದು ಇದೇ ಎಂದು ಆಗ ನನಗೆ ಹೊಳೆಯಿತು. ನಾಚಿಕೆಯಾಯಿತು. ಆ ಕಾಯಿಗೆ ನೀರು ಹೊತ್ತವಳು, ಬೂದಿ ಹಾಕಿದವಳು, ಒಲೆಯ ಮುಂದೆ ಬೆಂದವಳು, ಒಂದು ತುಂಡು ತಿನ್ನಲು ಊರಿನ ದೊರೆಯನ್ನು ಹಿಡಿದು ಕತ್ತಿ ಕೊಡಬೇಕಾಯಿತಲ್ಲ ಎನ್ನಿಸಿತು. ಅದನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಹೇಳಿದ್ದು ಮಾತ್ರ, "ಉಪ್ಪು ಸ್ವಲ್ಪ ಮುಂದಾಗಿದೆ" ಎಂದು.

"ತಳದಲ್ಲಿ ಹಾಗೇ ಇರುತ್ತೆ" ಎಂದಳು ನೀಲಮ್ಮ.

ಮಾರನೆಯ ದಿನ ಮಸ್ಟರಿನಲ್ಲಿ ದೊರೆ ನನ್ನನ್ನು ಕರೆದರು. ಕೆಲಸ ಹೋಯಿತು ಎಂದೇ ನಾನು ಹೋದೆ. ದೊರೆ ಪೈಪನ್ನು ಬಾಯಿಂದ ತೆಗೆದು, "ರೈಟರ್, ನೀನು ಒಂದು ಕೆಲಸ ಮಾಡೋದಿಲ್ಲ. ಬೇರೆ ಜನ ಮಾಡ್ತದೆ, ನೀನು ನಾನ್ ಮಾಡಿದೆ ಅಂತ ಹೇಳ್ತೀಯ. ಕೇಳಿದವರು ಎಲ್ಲ ನಂಬ್ತದೆ" ಎಂದರು. ನಾನು ನೆಲ ನೋಡಿದೆ. "ಹೆಡ್ ರೈಟರ್‌ಗೆ ಇದೇ ಬೇಕು" ಎಂದು ಪೈಪನ್ನು ಮತ್ತೆ ಬಾಯಿಗಿಟ್ಟರು. ನಂಜಪ್ಪ ಪಾಪ, ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಿದ್ದ. ಅವನಿಗೆ ಸ್ಟೋರೇ ಗತಿಯಾಯಿತು. ಅವನು ತಂದ ಸೇಬು ತುಂಬ ಚೆನ್ನಾಗಿದ್ದವು ಎಂದು ಬಟ್ಲರು ಹೇಳಿದ.

ಮುಂದಿನ ವರ್ಷ ನಾವು ಶಿವಣ್ಣನವರಿದ್ದ ಮನೆಗೆ ಹೋದೆವು. ಹಿತ್ತಿಲು ಮೊದಲಿನದರ ಎರಡರಷ್ಟು. ನೀಲಮ್ಮ ಬೀಜದಲ್ಲಿ ಅರ್ಧವನ್ನು ತವರಿಗೆ ಕಳಿಸಿ, ಉಳಿದದ್ದನ್ನು ಬಿತ್ತಿದಳು. ಮಳೆ ನಿಂತು ಕಾಯಿ ಬಲಿತವು. ಈ ಸಲ ಕೇಳುವ ಮೊದಲೇ ಒಡೆದುಕೊಡಬೇಕು, ಅವಳನ್ನು ಎದುರಿಗೆ ಕೂರಿಸಿ ಮೊದಲ ಕಡುಬು ನಾನೇ ಬಡಿಸಬೇಕು ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದೆ. ಒಂದು ಭಾನುವಾರ ಕೋಟು ಬಿಚ್ಚಿ, ತೋಳು ಮಡಿಸಿ, ಅಡಿಗೆಮನೆಗೆ ಹೋಗಿ, ಎಲ್ಲಿ ತಾ, ಒಡೆಯೋಣ ಎಂದೆ. ನೀಲಮ್ಮ ತಲೆಯೆತ್ತಲಿಲ್ಲ. ಅವಳ ಮುಂದೆ ಎರಡು ಹೋಳಾದ ಕುಂಬಳಕಾಯಿ ಇತ್ತು, ಒಂದೇ ಏಟಿನದು.

"ಯಾರು ಒಡೆದದ್ದು?" ಎಂದೆ.

"ನಾನೇ."

"ಏನೂ ಆಗ್ಲಿಲ್ವಾ?"

"ಆಗುತ್ತೆ, ತಡೀರಿ. ಇನ್ನರ್ಧ ಗಂಟೇಲಿ ಕಡುಬಾಗುತ್ತೆ" ಎಂದಳು. ನಾನು ಮಡಿಸಿದ ತೋಳನ್ನು ಬಿಚ್ಚಿಕೊಂಡು ಜಗುಲಿಗೆ ಬಂದು ಕೂತೆ. ಮನೆಯಲ್ಲಿ ಗಂಡಸೊಬ್ಬ ಇರಬೇಕು ಎನ್ನುವುದಕ್ಕೆ ಅದುವರೆಗೆ ಒಂದು ಕಾರಣವಾದರೂ ಇತ್ತು. ಅದೂ ಎರಡು ಹೋಳಾಗಿ ಒಳಗೆ ಬಿದ್ದಿತ್ತು. ಅಷ್ಟರಲ್ಲಿ ಕಂಪೌಂಡರು ಆ ದಾರಿಯಲ್ಲಿ ಬಂದ. ಕೂರಿಸಿಕೊಂಡು, ದನಿಯನ್ನು ಸ್ವಲ್ಪ ಎತ್ತರಿಸಿ, ಹೆಂಗಸರು ಕುಂಬಳಕಾಯಿ ಒಡೆಯಬಾರದು ಎಂಬ ಮೂಢನಂಬಿಕೆಯನ್ನು ಈ ಸುತ್ತಿನಲ್ಲಿ ಮೊಟ್ಟಮೊದಲು ಕಿತ್ತೆಸೆದವನು ನಾನೇ, ಬಹಳ ಕಷ್ಟಪಡಬೇಕಾಯಿತು, ಎಂದು ಹೇಳಿದೆ.